ದಾರಿ ಬಿಟ್ಟ ಊರುಗಳು

ಗೇರುಸೊಪ್ಪೆಯ ನಗರಬಸ್ತಿಕೇರಿಗೆ ಬರುವವರಲ್ಲಿ ಹೆಚ್ಚಿನವರು ಜೋಗಕ್ಕೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಮಿಗಿಸಿಕೊಂಡವರು. ಚತುರ್ಮುಖ ಬಸದಿಯ ನಾಲ್ಕು ಬಾಗಿಲಿಂದಲೂ ಒಳಗೆ ಇಣುಕುತ್ತಾರೆ, ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ತೀರ್ಥಂಕರರಿಗೆ ಕೈ ಮುಗಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಆಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: 'ಇಲ್ಲಿ ದೊಡ್ಡ ಪಟ್ಟಣ ಇತ್ತು ಅಂತಾರಲ್ಲ, ಅದೆಲ್ಲಿ ಹೋಯ್ತು?' ಎಲ್ಲಿಗೂ ಹೋಗಿಲ್ಲ, ಅವರು ನಿಂತ ನೆಲದಲ್ಲೇ ಇದೆ. ಕಾರು ನಿಲ್ಲಿಸಿದ ಜಾಗದಿಂದ ಬಸದಿಯವರೆಗೆ ನಡೆದು ಬರುವಾಗ ಅದರ ಮೇಲೆಯೇ ಕಾಲಿಟ್ಟು ಬಂದಿರುತ್ತಾರೆ. ಕಾಡಿನ ನೆಲ ಅಲ್ಲಲ್ಲಿ ಒಂದೂವರೆ ಅಡಿ ಉಬ್ಬಿ ಮತ್ತೆ ಇಳಿಯುತ್ತದಲ್ಲ, ಆ ಉಬ್ಬೇ ಗೋಡೆ.

ಉತ್ತರ ಕನ್ನಡದಲ್ಲಿ ಹಾಳೂರು ನೋಡಲು ಹೊರಟವರು ಕಟ್ಟಡ ಹುಡುಕುತ್ತಾರೆ. ಹುಡುಕಬೇಕಾದ್ದು ದಾರಿಯನ್ನು. ಈ ಜಿಲ್ಲೆಯ ಹಳೆಯ ಪಟ್ಟಣಗಳು ಹುಟ್ಟಿದ್ದೇ ಘಟ್ಟದ ಮೇಲಿನ ಸರಕು ಕೆಳಗಿನ ನೀರನ್ನು ಮುಟ್ಟುವ ಜಾಗಗಳಲ್ಲಿ. ಎತ್ತಿನ ಬೆನ್ನಿನ ಹೇರು ದೋಣಿಗೆ ಇಳಿಯಬೇಕು, ಅಲ್ಲೊಂದು ಸುಂಕದಕಟ್ಟೆ, ಪಕ್ಕದಲ್ಲಿ ಉಗ್ರಾಣ, ಅದರ ಸುತ್ತ ಕೇರಿ. ಸರಕು ಬೇರೆ ಘಟ್ಟ ಹಿಡಿದ ದಿನ ಆ ಊರಿನ ಕೆಲಸ ಮುಗಿಯಿತು. ಬರೀ ಯುದ್ಧದಿಂದ ಊರು ಸಾಯುವುದಿಲ್ಲ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟು ಹಾಕಿದರು, ಭಟ್ಕಳ ಇವತ್ತಿಗೂ ತುಂಬಿದ ಪೇಟೆ. ಗೇರುಸೊಪ್ಪೆ 1606ರಲ್ಲಿ ಕೆಳದಿ ವೆಂಕಟಪ್ಪ ನಾಯಕನ ಕೈಗೆ ಹೋಯಿತು, ಮತ್ತೆ ಏಳಲೇ ಇಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಸೋಲಿನ ಪ್ರಮಾಣದ್ದಲ್ಲ. ಭಟ್ಕಳಕ್ಕೆ ಸರಕು ಬರುತ್ತಲೇ ಇತ್ತು. ಗೇರುಸೊಪ್ಪೆಯ ಅರಮನೆ ಕೆಳದಿಯವರ ರಾಜಧಾನಿ ಇಕ್ಕೇರಿಗೆ ಅಧೀನವಾಯಿತು, ಇಕ್ಕೇರಿಯವರಿಗೆ ಕೆಳಗಿಳಿಯಲು ಬಸರೂರಿನ ಕಡೆಯ ಘಟ್ಟಗಳೂ ಇದ್ದವು.

ಮೆಣಸು, ಹತ್ತಿ, ಮರ, ಮ್ಯಾಂಗನೀಸ್. ನಾಲ್ಕು ನೂರು ವರ್ಷದಲ್ಲಿ ಸರಕಿನ ಹೆಸರು ಬದಲಾಗಿದೆ, ಕತೆ ಬದಲಾಗಿಲ್ಲ.

ಹದಿನೇಳು ಮಳೆಗಾಲ

ಗೇರುಸೊಪ್ಪೆಯನ್ನು ಐವತ್ತು ವರ್ಷಕ್ಕೂ ಮೇಲೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಎಲ್ಲರಿಗೂ ಗೊತ್ತು. ಆಕೆಯ ಪಟ್ಟಣ ಅಷ್ಟು ಒಳನಾಡಿನಲ್ಲಿ ಏಕಿತ್ತು ಎಂದು ಕೇಳುವವರು ಕಡಿಮೆ. ಹೊನ್ನಾವರದ ಅಳಿವೆಯಿಂದ ಶರಾವತಿಯಲ್ಲಿ ದೋಣಿ ಗೇರುಸೊಪ್ಪೆಯವರೆಗೆ ಬರುತ್ತದೆ, ಅದರಾಚೆ ಬಂಡೆ ಮತ್ತು ಘಟ್ಟ. ಅಂದರೆ ಸಮುದ್ರದ ಬಂದರು ಹೊನ್ನಾವರ, ಘಟ್ಟದ ಬಂದರು ಗೇರುಸೊಪ್ಪೆ. ಮಳೆಗಾಲದಲ್ಲಿ ಅಳಿವೆಯ ಬಾಯಿಯಲ್ಲಿ ಹಡಗು ಒಳಬರುವಂತಿಲ್ಲ, ಸರಕು ಕಾಯಬೇಕು. ಕಾಯುವ ಜಾಗ ಕಡಲ ದಾಳಿಗೆ ಸಿಗದಷ್ಟು ದೂರ ಇರಬೇಕು, ದೋಣಿಗೆ ಸಿಗುವಷ್ಟು ಹತ್ತಿರವೂ ಇರಬೇಕು. ನಕ್ಷೆ ಬಿಡಿಸಿ ನೋಡಿದರೆ ಈ ಎರಡೂ ಕೂಡಿಬರುವ ಜಾಗ ಆ ಹೊಳೆಯ ಮೇಲೆ ಅದೊಂದೇ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಇದೇ ಹೊಳೆಯಲ್ಲಿ ಮೇಲೆ ಬಂದ. ಗೋವೆಯಿಂದ ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಆತ ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯಲ್ಲಿ ಇಳಿದ, ಅಲ್ಲಿಂದ ಘಟ್ಟ ಏರಿದ. ಆ ಹೊಳೆಯ ಚೆಲುವನ್ನು ಆತ ಬಾಯ್ತುಂಬ ಹೊಗಳಿದ್ದಾನೆ. ಇಳಿದ ಮೇಲೆ ಬರೆದದ್ದು ಮಾತ್ರ ಬೇರೆ: ಹಿಂದೆ ರಾಣಿಯೊಬ್ಬಳ ರಾಜಧಾನಿಯಾಗಿದ್ದ ದೊಡ್ಡ ನಗರವಿದು, ಈಗ ನಗರವೂ ಅರಮನೆಯೂ ಬಿದ್ದು ಮರ ಬೆಳೆದು ಮುಚ್ಚಿಹೋಗಿವೆ. 1606ರಿಂದ 1623ಕ್ಕೆ ಲೆಕ್ಕ ಹಾಕಿ. ಹದಿನೇಳೇ ಮಳೆಗಾಲ. (ರಾಣಿಗೆ ಒಬ್ಬ ಸಾಮಾನ್ಯ ಮನುಷ್ಯನ ಮೇಲೆ ಮನಸ್ಸಾಗಿ ರಾಜ್ಯ ಹೋಯಿತು ಎಂಬ ಕತೆಯನ್ನೂ ಆತ ಸೇರಿಸಿದ್ದಾನೆ. ಗೆದ್ದವರ ಆಸ್ಥಾನಕ್ಕೆ ಹೊರಟವನ ಕಿವಿಗೆ ದಾರಿಯಲ್ಲಿ ಬೀಳುವ ಕತೆ ಎಂಥದಿರುತ್ತದೆ ಎಂದು ನೆನಪಿಟ್ಟುಕೊಂಡು ಓದಬೇಕು.)

ಹದಿನೇಳು ವರ್ಷದಲ್ಲಿ ಒಂದು ರಾಜಧಾನಿ ಕಾಡಾಗುವುದು ಸಾಧ್ಯವೇ ಎಂದು ಬಯಲುಸೀಮೆಯಿಂದ ಬಂದವರಿಗೆ ಅನುಮಾನ ಬರುತ್ತದೆ. ಹಂಪಿ ನೋಡಿದ ಕಣ್ಣಿಗೆ ಇದು ನಂಬುವ ಮಾತಲ್ಲ. ಆದರೆ ಇಲ್ಲಿನ ಮನೆಗಳು ಕಣಶಿಲೆಯವಲ್ಲ, ಅಂದರೆ ಗ್ರಾನೈಟಿನವಲ್ಲ. ಪಾಯ ಚಿರೆಕಲ್ಲಿನದು (ಕೆಂಪು ಜಂಬಿಟ್ಟಿಗೆ), ಗೋಡೆ ಚಿರೆಕಲ್ಲಿನದು ಅಥವಾ ಮಣ್ಣಿನದು, ಕಂಬ ತೊಲೆ ಜಂತೆ ಎಲ್ಲ ಮರದವು, ಮೇಲೆ ಸೋಗೆ, ಹುಲ್ಲು ಇಲ್ಲವೇ ನಾಡಹಂಚು. ವರ್ಷಕ್ಕೆ ಮೂರು ಮೀಟರಿಗೂ ಮೇಲೆ ಮಳೆ ಬೀಳುವ ಜಾಗದಲ್ಲಿ ಸೋಗೆ ಹೊದಿಸದೆ ಒಂದು ವರ್ಷ ಬಿಟ್ಟರೆ ಜಂತೆಗೆ ನೀರು, ಮೂರನೆಯ ವರ್ಷಕ್ಕೆ ಗೆದ್ದಲು. ಮಾಡು ಕುಸಿದ ಮೇಲೆ ಗೋಡೆಯ ನೆತ್ತಿ ಬರಿದಾಗುತ್ತದೆ. ಚಿರೆಕಲ್ಲಿನ ಗೋಡೆ ಬದಿಯ ಮಳೆಗೆ ಹೆದರುವುದಿಲ್ಲ, ನೆತ್ತಿಯ ಮಳೆಗೆ ಹೆದರುತ್ತದೆ. ಮೇಲಿಂದ ಇಳಿದ ನೀರು ಕಲ್ಲುಗಳ ನಡುವಿನ ಮಣ್ಣನ್ನೋ ಸುಣ್ಣದ ಗಾರೆಯನ್ನೋ ತೊಳೆದುಕೊಂಡು ಹೋಗುತ್ತದೆ, ಆ ಸಂದಿಗೆ ಹಕ್ಕಿ ಹಿಕ್ಕೆಯಲ್ಲಿ ಗೋಳಿಬೀಜ ಬೀಳುತ್ತದೆ. ಆಮೇಲೆ ಗೋಡೆ ನಿಲ್ಲುವುದೋ ಬೀಳುವುದೋ ಎಂದು ನಿರ್ಧರಿಸುವುದು ಬೇರು. ಬಸದಿ ಉಳಿದದ್ದು ದೇವರಿದ್ದಾನೆ ಎಂದಲ್ಲ, ಅದು ಮಾಡಿನವರೆಗೂ ಕಣಶಿಲೆ. ಗಾರೆಯ ಹಂಗಿಲ್ಲದೆ ಕಲ್ಲು ತನ್ನ ಭಾರದಲ್ಲೇ ಕೂತಿದೆ.

ನೆಲ ಓದುವುದು

ಇದನ್ನು ಕಲಿಯಲು ಗೇರುಸೊಪ್ಪೆಗಿಂತ ಮೊದಲು ಕುಮಟಾ ಹತ್ತಿರದ ಮಿರ್ಜಾನ ಕೋಟೆಗೆ ಹೋಗುವುದು ಒಳ್ಳೆಯದು. ಹೆದ್ದಾರಿಯಿಂದ ಒಳಗೆ ಅರ್ಧ ಕಿಲೋಮೀಟರಿನಷ್ಟೆ. ಪುರಾತತ್ವ ಇಲಾಖೆ ದುರಸ್ತಿ ಮಾಡಿ ನಿಲ್ಲಿಸಿರುವುದರಿಂದ ಚಿರೆಕಲ್ಲಿನ ಗೋಡೆ ಪೂರ್ತಿ ಇದ್ದಾಗ ಹೇಗಿರುತ್ತದೆ, ಬುರುಜು ಹೇಗೆ ಬಾಗುತ್ತದೆ, ಕಂದಕದ ನೀರಿಗೂ ಒಳಗಿನ ಬಾವಿಗಳಿಗೂ ಏನು ಸಂಬಂಧ ಎಂಬುದೆಲ್ಲ ಅಲ್ಲಿ ತಿಳಿಯಾಗಿ ಕಾಣುತ್ತದೆ. ದುರಸ್ತಿಯ ಕಲ್ಲು ಯಾವುದು, ಹಳೆಯದು ಯಾವುದು ಎಂದು ಗುರುತಿಸುವುದೂ ಅಲ್ಲಿಯೇ ಅಭ್ಯಾಸವಾಗಬೇಕು. ಈಗಿನ ಚಿರೆಕಲ್ಲು ಯಂತ್ರದ ಗರಗಸದಿಂದ ಕೊಯ್ದದ್ದು, ಮೈಮೇಲೆ ನೇರ ಗೆರೆ ಅಥವಾ ಗರಗಸದ ಚಕ್ರದ ಕಮಾನುಗೆರೆ ಇರುತ್ತದೆ, ಅಂಚು ಚೂಪು. ಹಳೆಯದು ಕೈಯಿಂದ ಕಡಿದದ್ದು, ಮೈಮೇಲೆ ಓರೆಯಾಗಿ ಹಾರೆ ಪಿಕಾಸಿಯ ಏಟು, ಗಾತ್ರ ಒಂದರಂತೆ ಒಂದಿಲ್ಲ. ನೆಲದಲ್ಲಿದ್ದಾಗ ಈ ಕಲ್ಲು ಮೆದು, ಹಸಿಯಾಗಿರುವಾಗಲೇ ಕಡಿಯಬೇಕು. ಗಾಳಿಗೆ ಬಿಸಿಲಿಗೆ ಬಿದ್ದ ಮೇಲೆ ಅದರೊಳಗಿನ ಕಬ್ಬಿಣ ಬಿಗಿದು ಗಟ್ಟಿಯಾಗುತ್ತದೆ. ಹಾಗಾಗಿ ಕೋಟೆಯ ಹತ್ತಿರವೇ ಕಲ್ಲು ಕಡಿದ ಹೊಂಡ ಇರಬೇಕು. ಹೊತ್ತು ತರುವ ಖರ್ಚು ಯಾರಿಗೂ ಬೇಡ. ಆ ಹೊಂಡವನ್ನು ಆಮೇಲೆ ಕೆರೆಯನ್ನಾಗಿಯೋ ಕಂದಕವನ್ನಾಗಿಯೋ ಬಳಸುತ್ತಿದ್ದರು.

ಅಲ್ಲಿಂದ ಗೇರುಸೊಪ್ಪೆಗೆ ಬಂದರೆ, ಅಥವಾ ಶಿರಸಿ ಹತ್ತಿರದ ಸೋಂದಾ ಕೋಟೆಗೆ ಹೋದರೆ, ಅದೇ ಗೋಡೆಯ ಅಳಿದುಳಿದ ರೂಪ ಸಿಗುತ್ತದೆ. ನೋಡುವ ಕ್ರಮ ಸುಲಭ. ನೆಲದ ಉಬ್ಬು ನೇರವಾಗಿದ್ದರೆ, ಮೂಲೆಯಲ್ಲಿ ಚೌಕಕ್ಕೆ ತಿರುಗಿದರೆ, ಅದು ಗೋಡೆ. ಸೊಟ್ಟಪಟ್ಟ ಹೋದರೆ ಕಾಡಿನ ಅಗಳಿನ ದಂಡೆ ಅಥವಾ ಗೆದ್ದಲಹುತ್ತದ ಸಾಲು. ಎರಡು ಉಬ್ಬು ಹತ್ತು ಹನ್ನೆರಡು ಅಡಿ ಅಂತರದಲ್ಲಿ ಸಮಾನಾಂತರ ಹೋಗಿ ನಡುವೆ ತಗ್ಗಾಗಿದ್ದರೆ ಅದು ಹಳೆಯ ಕೇರಿಯ ದಾರಿ. ನೂರಾರು ಮಳೆಗಾಲ ಎತ್ತು ನಡೆದ ದಾರಿ ನೆಲಕ್ಕಿಂತ ಕೆಳಗಿರುತ್ತದೆ, ಮೇಲಿರುವುದಿಲ್ಲ. ಒಂಟಿಮನೆಯ ಜಾಗದಲ್ಲಿ ಕಟ್ಟಕಡೆಗೆ ಉಳಿಯುವುದು ತುಳಸಿಕಟ್ಟೆ ಮತ್ತು ಬಾವಿ, ಇವೆರಡರ ನಡುವೆ ಅಂಗಳ, ಅದರ ಹಿಂದೆ ಮನೆ. ಇಷ್ಟು ಗೊತ್ತಿದ್ದರೆ ಕಾಡಿನ ನಡುವೆ ನಿಂತು ಪೂರ್ತಿ ಮನೆಯನ್ನು ಮನಸ್ಸಿನಲ್ಲೇ ಕಟ್ಟಿಬಿಡಬಹುದು.

ಮರಗಳೂ ಹೇಳುತ್ತವೆ. ಘಟ್ಟದ ನಿತ್ಯಹಸಿರು ಕಾಡಿನಲ್ಲಿ ಹುಣಸೆಮರ ತಾನಾಗಿ ಹುಟ್ಟುವುದು ಅಪರೂಪ, ಕಂಡರೆ ಯಾರೋ ನೆಟ್ಟಿದ್ದಾರೆ ಅಥವಾ ಅಲ್ಲಿ ಕೂತು ಹುಣಸೆಹಣ್ಣು ತಿಂದು ಬೀಜ ಉಗುಳಿದ್ದಾರೆ. ಸಾಲಾಗಿ ನಿಂತ ಹಳೆಯ ಮಾವು ದಾರಿಯ ಗುರುತು. ದೇವಕಣಗಿಲೆ ದೇವಸ್ಥಾನದ ಗುರುತು. ಕಾಡಿನೊಳಗೆ ಎರಡು ಮೂರು ಬೈನೆಮರ ಕಂಡರೆ ಏನೂ ಅರ್ಥವಿಲ್ಲ, ಅದೇ ಎರಡು ತೆಂಗಿನಮರ ಕಂಡರೆ ಮನೆ ಬಿಟ್ಟು ಒಂದೆರಡು ತಲೆಮಾರೂ ಆಗಿಲ್ಲ.

ಹಂಚು ಎಲ್ಲಕ್ಕಿಂತ ಪ್ರಾಮಾಣಿಕ ಸಾಕ್ಷಿ. ಅರೆಕೊಳವೆಯಂಥ ನಾಡಹಂಚಿನ ಚೂರು ಸಿಕ್ಕಿದರೆ ಕಾಲ ಹೇಳಲು ಬರುವುದಿಲ್ಲ, ಇನ್ನೂರು ವರ್ಷದ್ದೂ ಇರಬಹುದು, ಅರವತ್ತು ವರ್ಷದ್ದೂ ಇರಬಹುದು. ಆದರೆ ಚಪ್ಪಟೆ ಮಂಗಳೂರು ಹಂಚು ಸಿಕ್ಕಿದರೆ ಆ ಮಾಡು 1865ಕ್ಕಿಂತ ಹಿಂದಿನದಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಆ ವರ್ಷ. ಹಂಚನ್ನು ಮಗುಚಿ ಹಿಂಬದಿಯ ಮಣ್ಣು ಉಜ್ಜಿದರೆ ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ವರ್ಷವೂ ಉಬ್ಬಕ್ಷರದಲ್ಲಿ ಕಾಣುತ್ತದೆ. ಓದಿ, ಎಲ್ಲಿತ್ತೋ ಅಲ್ಲೇ ಮಗುಚಿ ಇಡಬೇಕು. ಚೀಲಕ್ಕೆ ಹಾಕಿಕೊಂಡು ಬಂದ ಹಂಚು ಬರೀ ಹಂಚು. ಅಲ್ಲಿದ್ದರೆ ಅದು ಆ ಮನೆಯ ವಯಸ್ಸು.

ಕುಮಟಾದಲ್ಲಿ ಬೆಳೆಯದ ಕುಮಟಾ ಹತ್ತಿ

ಮೆಣಸಿನ ಕಾಲದ ಹಾಳೂರುಗಳಿಗೆ ಫಲಕವಿದೆ, ಪುಸ್ತಕವಿದೆ. ಹತ್ತಿಯ ಕಾಲದ್ದಕ್ಕೆ ಏನೂ ಇಲ್ಲ, ನನ್ನ ದೂರು ಇರುವುದು ಅಲ್ಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಮಾರುಕಟ್ಟೆಯಲ್ಲಿ 'ಕುಮಟಾ' ಎಂಬುದು ಹತ್ತಿಯ ಒಂದು ಜಾತಿ. ಕುಮಟಾದ ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ಗದ್ದೆಯಲ್ಲಿ, ಯಾರೂ ಹತ್ತಿ ಬೆಳೆಯಲಿಲ್ಲ. ಧಾರವಾಡದ ಎರೆಮಣ್ಣಿನ ಹತ್ತಿ ಶಿರಸಿಗೆ ಬಂದು, ಘಟ್ಟ ಇಳಿದು, ಕುಮಟಾದಲ್ಲಿ ಪತ್ತೆಮಾರಿ ಎಂಬ ಹಾಯಿಹಡಗು ಹತ್ತುತ್ತಿತ್ತು, ಹಾಗಾಗಿ ಬಂದರಿನ ಹೆಸರೇ ಹತ್ತಿಗೆ ಅಂಟಿಕೊಂಡಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಕುಮಟಾಕ್ಕೆ ಒಂದು ಕೊರತೆಯಿತ್ತು: ಮರೆಯಿಲ್ಲದ ತೆರೆದ ಕಡಲು, ದೊಡ್ಡ ಹಡಗು ದೂರವೇ ನಿಲ್ಲಬೇಕು. ಕಾರವಾರಕ್ಕೆ ದ್ವೀಪಗಳ ಮರೆಯಿದೆ, ಆಳವಿದೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿ ಮತ್ತು ಈ ಬಂದರಿನ ಲೆಕ್ಕಾಚಾರವಿತ್ತು. ಇವತ್ತಿಗೂ ಜಿಲ್ಲಾ ಕಚೇರಿಗೆ ಎಂದು ಶಿರಸಿ ಸಿದ್ದಾಪುರದವರು ಘಟ್ಟ ಇಳಿದು ಕಾರವಾರಕ್ಕೆ ಹೋಗುವುದು ಆ ಲೆಕ್ಕದ ಬಾಕಿ.

ಆ ದಾರಿಗಳೇ ಇಲ್ಲಿ ನೋಡಬೇಕಾದ ಸ್ಮಾರಕ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಎಂದು ನಾವು ವಾಂತಿ ಬರುವ ತಿರುವುಗಳನ್ನು ಶಪಿಸುತ್ತ ದಾಟುತ್ತೇವೆ. ಬಂಡಿ ಏರಬೇಕಾದ ದಾರಿ ಕಡಿದಾಗಿರುವಂತಿಲ್ಲ, ಎತ್ತು ಎಳೆಯುವುದಿಲ್ಲ, ಇಳಿಯುವಾಗ ತಡೆಯುವುದಕ್ಕೂ ಆಗುವುದಿಲ್ಲ. ಅದಕ್ಕೇ ಅಷ್ಟು ತಿರುವು. ಹೇರೆತ್ತಿನ ಹಳೆಯ ದಾರಿ ಹಾಗಲ್ಲ, ಅದು ನೇರ ಏರುತ್ತದೆ, ಬಂಡಿ ರಸ್ತೆಯನ್ನು ಅಲ್ಲಲ್ಲಿ ಅಡ್ಡ ಕತ್ತರಿಸುತ್ತದೆ. ಘಟ್ಟದ ತಿರುವಿನಲ್ಲಿ ಕಾಲುದಾರಿಯೊಂದು ಕಡಿದಾಗಿ ಕೆಳಗಿಳಿದು ಮುಂದಿನ ತಿರುವಿಗೆ ಸೇರುವುದು ಕಂಡರೆ ಅದು ಬರೀ ಒಳದಾರಿ ಆಗಿರಬೇಕೆಂದಿಲ್ಲ, ಬಂಡಿಗಿಂತ ಹಿಂದಿನ ದಾರಿಯೇ ಆಗಿರಬಹುದು. ಒತ್ತಾಗಿ ಕೂರಿಸಿದ ಕಾಡುಕಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಹೇರು ಇಳಿಸಿ ಸುಧಾರಿಸಿಕೊಳ್ಳಲು ಎದೆಮಟ್ಟದ ಕಲ್ಲಿನ ಕಟ್ಟೆ ಕಂಡರೆ ಅನುಮಾನವೇ ಬೇಡ.

ಹತ್ತಿಯ ವೈಭವ ಒಂದು ತಲೆಮಾರು ನಿಲ್ಲಲಿಲ್ಲ. ಕಾರವಾರದಿಂದ ಬಯಲುಸೀಮೆಗೆ ರೈಲು ಹಾಕುವ ಮಾತು ಆಗಲೇ ಇತ್ತು, ಆಗಲಿಲ್ಲ. ರೈಲು ಬೇರೆ ಕಡೆ ಇಳಿಯಿತು.

ಕ್ಯಾಸಲ್‌ರಾಕ್

1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಯಿತು, 1888ರಲ್ಲಿ ಮುರಗಾಂವ್ ಬಂದರಿಂದ ಘಟ್ಟ ಹತ್ತುವ ಮೀಟರ್‌ಗೇಜ್ ಹಳಿ ಬ್ರಿಟಿಷ್ ಭಾರತದ ಹಳಿಯನ್ನು ಕೂಡಿಕೊಂಡಿತು. ಕೂಡಿದ ಜಾಗ ಈಗಿನ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್. ಧಾರವಾಡದ ಹತ್ತಿಗೆ ಎತ್ತಿನ ಬಂಡಿಯಲ್ಲಿ ದಿನಗಟ್ಟಲೆ ಘಟ್ಟ ಇಳಿಯುವ ಕೆಲಸ ತಪ್ಪಿತು. ಕುಮಟಾಕ್ಕೂ ಕಾರವಾರಕ್ಕೂ ಬಿದ್ದ ಪೆಟ್ಟು ಅದು.

ಅದೇ ಹಳಿ ಕಾಡಿನ ನಡುವೆ ಒಂದು ಹೊಸ ಊರು ಹುಟ್ಟಿಸಿತು. ಎರಡು ದೇಶದ ಗಡಿ, ಆದ್ದರಿಂದ ಎರಡು ಸುಂಕದ ಕಟ್ಟೆ: ಮೇಲೆ ಕ್ಯಾಸಲ್‌ರಾಕ್, ಕೆಳಗೆ ಪೋರ್ಚುಗೀಸರ ಕುಳೆ. ಆ ಕಾಲದ ಪ್ರಯಾಣವನ್ನು ಊಹಿಸಿಕೊಳ್ಳಿ. ಗಾಡಿ ನಿಲ್ಲುತ್ತದೆ, ಟ್ರಂಕು ಹಾಸಿಗೆ ಸುರುಳಿ ಎಲ್ಲ ಕೆಳಗಿಳಿಯುತ್ತವೆ, ಬಿಚ್ಚಿ ನೋಡುತ್ತಾರೆ, ಮುಚ್ಚುತ್ತಾರೆ. ಅಷ್ಟರಲ್ಲಿ ಘಟ್ಟಕ್ಕೆಂದು ಹೆಚ್ಚಿನ ಎಂಜಿನ್ ಜೋಡಿಸುತ್ತಾರೆ. ಕೆಳಗಿಳಿದ ಮೇಲೆ ಕುಳೆಯಲ್ಲಿ ಮತ್ತೆ ಅದೇ ಆಟ, ಈ ಸಲ ಇನ್ನೊಂದು ಭಾಷೆಯಲ್ಲಿ. ಇದಕ್ಕೆಲ್ಲ ಸುಂಕದವರು, ಪೊಲೀಸರು, ಎಂಜಿನ್ ಓಡಿಸುವವರು, ಬೆಂಕಿಗೆ ಕಲ್ಲಿದ್ದಲು ಹಾಕುವವರು, ಹಮಾಲರು, ಇವರಿಗೆಲ್ಲ ಊಟ ಚಹಾ. ಊರು ನಿಂತದ್ದು ಗಾಡಿ ನಿಲ್ಲುವ ಹೊತ್ತಿನ ಮೇಲೆ. 1955ರಲ್ಲಿ ಭಾರತ ಗೋವೆಯ ಗಡಿ ಮುಚ್ಚಿ ಗಾಡಿ ನಿಲ್ಲಿಸಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾಯಿತು, ಗಾಡಿ ಮತ್ತೆ ಬಂತು, ಸುಂಕದಕಟ್ಟೆ ಮತ್ತೆ ಬೇಕಾಗಲಿಲ್ಲ. ಆಮೇಲೆ ಉಗಿ ಹೋಗಿ ಡೀಸೆಲ್ ಬಂತು, 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಒಂದೊಂದು ಸುಧಾರಣೆಗೂ ಊರಿನಲ್ಲಿ ಒಂದಿಷ್ಟು ಜನರ ಕೆಲಸ ಮುಗಿಯಿತು.

ಕ್ಯಾಸಲ್‌ರಾಕ್ ಪಾಳುಬಿದ್ದ ಊರಲ್ಲ ಎಂಬುದನ್ನು ಮರೆಯಬಾರದು. ನಿಲ್ದಾಣ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಕುಳೆಗೆ 26 ಕಿಲೋಮೀಟರ್ ಘಟ್ಟ, ಕಡಿದಾದ ಕಡೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ರೈಲಿಗೆ ಇದು ಗೋಡೆ ಹತ್ತಿದಂತೆ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ, ಅದೂ ಮಳೆಯಲ್ಲಿ ಒದ್ದೆ, ಜಾರುತ್ತದೆ. ಬಂದರಿಂದ ಕಲ್ಲಿದ್ದಲು ತರುವ ಗಾಡಿಗೆ ಮುಂದಿನ ಎಂಜಿನ್ನು ಸಾಲದೆ ಹಿಂದಿಂದ ನೂಕುವ ಎಂಜಿನ್ನುಗಳು ಬೇಕು, ಅವನ್ನು ಜೋಡಿಸುವ ಬಿಚ್ಚುವ ಕೆಲಸ ಇಲ್ಲಿ ಇನ್ನೂ ಇದೆ. ಎಲ್ಲ ಎಂಜಿನ್ ಮುಂದೆಯೇ ಕಟ್ಟಿದರೆ ಏನಾಗುತ್ತದೆ ಎಂದು ಕೇಳುವವರಿಗೆ: ಇಡೀ ಗಾಡಿಯ ಭಾರ ಮೊದಲ ಡಬ್ಬಿಯ ಕೊಂಡಿಯ ಮೇಲೆ ಬೀಳುತ್ತದೆ, ಕೊಂಡಿ ತುಂಡಾದರೆ ಹಿಂದಿನ ಡಬ್ಬಿಗಳು ಕೆಳಮುಖವಾಗಿ ಹೊರಡುತ್ತವೆ. ಅದಕ್ಕೇ ಹಿಂದೆಯೂ ಎಂಜಿನ್. ಹತೋಟಿ ತಪ್ಪಿ ಇಳಿದ ಗಾಡಿಯನ್ನು ಹಿಡಿಯಲು ಘಟ್ಟದ ಹಳಿಗಳಲ್ಲಿ ಗುಡ್ಡದ ಕಡೆ ಏರುವ ಕವಲು ಹಳಿ ಇರುತ್ತದೆ. ನೋಡಿದವರು ಅದನ್ನು ಹಳೆಯ ಬಿಟ್ಟ ಹಳಿ ಎಂದುಕೊಳ್ಳುತ್ತಾರೆ.

ಹಳೆಯದನ್ನು ಹುಡುಕುವವರು ಬೇಲಿ ನೋಡಬೇಕು. ರೈಲ್ವೆಯವರು ಹಳಿಯನ್ನು ಬಿಸಾಡುವುದಿಲ್ಲ. ಕಳಚಿದ ಹಳಿಯ ತುಂಡು ಬೇಲಿಕಂಬ, ದೀಪದ ಕಂಬ, ಮಾಡಿನ ತೊಲೆ ಏನಾದರೂ ಆಗುತ್ತದೆ. ಹಳಿಯ ಬದಿಯಲ್ಲಿ, ತಲೆಗೂ ಪಾದಕ್ಕೂ ನಡುವಿನ ತೆಳು ಭಾಗದಲ್ಲಿ, ತಯಾರಿಸಿದವರ ಹೆಸರು, ತೂಕ, ವರ್ಷ ಉಬ್ಬಕ್ಷರದಲ್ಲಿ ಇರುತ್ತವೆ. ಬಣ್ಣದ ಮೇಲೆ ಬಣ್ಣ ಬಳಿದಿದ್ದರೂ ಬೆಳಗಿನ ಓರೆ ಬಿಸಿಲಲ್ಲಿ ಓದಬಹುದು, ನಡುಮಧ್ಯಾಹ್ನ ಏನೂ ಕಾಣದು. ಆದರೆ ದೂಧಸಾಗರ ಜಲಪಾತಕ್ಕೆ ಎಂದು ಹಳಿಯ ಮೇಲೆ ನಡೆದು ಹೋಗುವುದು ಅಪರಾಧ. ರೈಲ್ವೆ ಕಾಯ್ದೆಯ 147ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ದಂಡ ದೊಡ್ಡದಲ್ಲ, ಸುರಂಗ ದೊಡ್ಡದು. ಘಟ್ಟದ ಸುರಂಗದೊಳಗೆ ತಿರುವಿದ್ದರೆ ಗಾಡಿಯ ಸದ್ದು ಎತ್ತಲಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ, ಬದಿಗೆ ಸರಿಯಲು ಜಾಗವೂ ಎಲ್ಲ ಕಡೆ ಇರುವುದಿಲ್ಲ.

ಕೈ ಕಪ್ಪಾಗುವ ಕಲ್ಲು

ಜೋಯಿಡಾ ಮತ್ತು ಯಲ್ಲಾಪುರದ ಬಿಸಗೋಡ ಕಡೆ ಕಾಡಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಡಿದ ಗುಡ್ಡಗಳು, ತಳದಲ್ಲಿ ಹಸಿರುನೀರು ನಿಂತ ಹೊಂಡಗಳು ಸಿಗುತ್ತವೆ. ಇವು ಮ್ಯಾಂಗನೀಸ್ ಗಣಿಗಳು. ಉಕ್ಕಿಗೆ ಗಟ್ಟಿತನ ಕೊಡುವ ಅದಿರಿದು, ದಾಂಡೇಲಿಯಲ್ಲಿ ಫೆರೊ ಮ್ಯಾಂಗನೀಸ್ ಕುಲುಮೆ ಬಂದದ್ದೂ ಇದು ಹತ್ತಿರವಿದ್ದದ್ದರಿಂದಲೇ. ಈಗ ಆ ಕುಲುಮೆಯೂ ಇಲ್ಲ, ಪ್ಲೈವುಡ್ ಕಾರ್ಖಾನೆಯೂ ಇಲ್ಲ. 1950ರ ದಶಕದಲ್ಲಿ ಶುರುವಾದ ಕಾಗದದ ಕಾರ್ಖಾನೆ ಮಾತ್ರ ನಡೆಯುತ್ತಿದೆ. ಅದಿರು ಗುರುತಿಸುವುದು ಕಷ್ಟವಲ್ಲ. ಅದೇ ಗಾತ್ರದ ಸಾಧಾರಣ ಕಲ್ಲಿಗಿಂತ ಒಂದೂವರೆ ಪಟ್ಟು ಭಾರ, ಮೆದು ಜಾತಿಯದಾದರೆ ಮುಟ್ಟಿದ ಕೂಡಲೇ ಬೆರಳು ಮಸಿ. ಗಟ್ಟಿ ಜಾತಿಯದು ದ್ರಾಕ್ಷಿಗೊಂಚಲಿನಂತೆ ಗುಂಡುಗುಂಡಾಗಿ ಹೊಳೆಯುತ್ತದೆ. ಅನುಮಾನವಿದ್ದರೆ ಪಿಂಗಾಣಿ ಟೈಲಿನ ಹಿಂಬದಿಯ ಒರಟಿನ ಮೇಲೆ ಎಳೆಯಿರಿ: ಕಪ್ಪು ಗೆರೆ ಬಂದರೆ ಮ್ಯಾಂಗನೀಸ್, ಕೆಂಪು ಅಥವಾ ಹಳದಿಗಂದು ಬಂದರೆ ಕಬ್ಬಿಣ. ಮಂಗಳೂರು ಹಂಚಿನ ಮೇಲೆ ಎಳೆದರೆ ಕೆಂಪಿನ ಮೇಲೆ ಕೆಂಪು, ಏನೂ ತಿಳಿಯದು.

ಹೊಂಡಕ್ಕೆ ಇಳಿಯಬಾರದು. ಕೆರೆಗೆ ದಡವಿದೆ, ಗಣಿಯ ಹೊಂಡಕ್ಕೆ ಅಂಚು ಮಾತ್ರ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಮೂವತ್ತು ಅಡಿ. ಮಳೆಗಾಲದ ನಂತರ ಅಂಚಿನ ಮಣ್ಣು ಒಳಗಿಂದ ಕೊರೆದು ಮೇಲೆ ಹುಲ್ಲಿನ ಹೊದಿಕೆ ಮಾತ್ರ ಉಳಿದಿರುತ್ತದೆ. ಇವುಗಳಲ್ಲಿ ಹಲವು ಮೀಸಲು ಅರಣ್ಯದಲ್ಲೋ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲೋ ಇವೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವ ಪ್ರಶ್ನೆಯೇ ಇಲ್ಲ.

ಕಾಲ, ಉಣುಗು, ಬಾವಿ

ಗೋಡೆಯ ಗೆರೆ ಸ್ಪಷ್ಟ ಕಾಣುವುದು ಫೆಬ್ರವರಿ ಕೊನೆ, ಮಾರ್ಚಿನಲ್ಲಿ. ಪೊದೆ ಒಣಗಿರುತ್ತದೆ, ಎಲೆ ಉದುರಿರುತ್ತದೆ. ತೊಂದರೆಯೆಂದರೆ ಉಣುಗಿನ ಕಾಲವೂ ಅದೇ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಅದರ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ, ಹೊರಗಿಂದ ಬರುವವರಿಗೆ ಬೇಕು. ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಒಣ ತರಗೆಲೆಯಲ್ಲಿರುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತುಂಬುತೋಳು ಹಾಕಿ, ಬರಿದಾದ ಚರ್ಮಕ್ಕೆ ಉಣುಗು ಓಡಿಸುವ ಡೇಪಾ ತೈಲ ಹಚ್ಚಬೇಕು. ದಣಿವಾಯಿತೆಂದು ತರಗೆಲೆಯ ಮೇಲೆ ಕೂರುವುದು, ಬ್ಯಾಗು ಇಡುವುದು ಬೇಡ, ಕಲ್ಲಿನ ಮೇಲೆ ಕೂರಿ. ಬಂದ ದಿನವೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳಬೇಕು. ಬೆಂಗಳೂರಿನಲ್ಲಿ ಅವರಾಗಿ ಕೇಳುವುದಿಲ್ಲ.

ಉಣುಗು ಕಡಿಮೆ ಇರಲಿ ಎಂದರೆ ನವೆಂಬರ್ ಮೊದಲಾರ್ಧ. ಆಗ ಉಂಬಳ (ಜಿಗಣೆ) ಇನ್ನೂ ಅಲ್ಲಲ್ಲಿ ಇರುತ್ತದೆ, ಸುಣ್ಣ ಹೊಗೆಸೊಪ್ಪು ಒಯ್ದರೆ ಸಾಕು, ಅದು ರಕ್ತ ಕುಡಿಯುತ್ತದೆ, ಕಾಯಿಲೆ ಕೊಡುವುದಿಲ್ಲ. ಪೊದೆ ಮಾತ್ರ ಸೊಂಟದೆತ್ತರ, ನಿಜವಾದ ಅಪಾಯ ಬರುವುದು ಅಲ್ಲೇ. ಪಾಳು ಮನೆಯ ಬಾವಿಗೆ ಕಟ್ಟೆ ಇರುವುದಿಲ್ಲ, ಕಟ್ಟೆಯ ಚಿರೆಕಲ್ಲನ್ನು ಯಾರೋ ಎಂದೋ ಹೊತ್ತೊಯ್ದಿರುತ್ತಾರೆ. ಬಾಯಿಗೆ ಬಳ್ಳಿ ಹಬ್ಬಿರುತ್ತದೆ. ತುಳಸಿಕಟ್ಟೆ ಕಂಡ ಕೂಡಲೇ ನಿಂತು, ಮುಂದಿನ ನೆಲವನ್ನು ಕೋಲಿಂದ ತಡವಿಕೊಂಡೇ ಹೆಜ್ಜೆ ಇಡಬೇಕು. ನಿಧಿಗಳ್ಳರು ಅಗೆದ ಗುಂಡಿ ಇನ್ನೊಂದು, ಅದು ಬಸದಿ ಗುಡಿಗಳ ಹತ್ತಿರವೇ ಇರುತ್ತದೆ. ಗೇರುಸೊಪ್ಪೆಯಲ್ಲಿ ಟೇಲ್‌ರೇಸ್ ಅಣೆಕಟ್ಟಿನ ಕೆಳಗೆ ಹೊಳೆಗೆ ಇಳಿಯುವುದು ಬೇಡ. ವಿದ್ಯುದಾಗಾರ ನಡೆಸಿದಾಗ ಬಿಸಿಲಿನಲ್ಲೂ ನೀರು ಏರುತ್ತದೆ.

ದಾರಿಯ ಬಗ್ಗೆ ಹೊರಡುವ ಮುನ್ನಾದಿನ ವಿಚಾರಿಸಬೇಕು. ದೇವಿಮನೆ ಘಟ್ಟ ಅಗಲೀಕರಣಕ್ಕೋ ಕುಸಿತಕ್ಕೋ ಆಗಾಗ ಮುಚ್ಚುತ್ತದೆ. ಆಗ ಯಲ್ಲಾಪುರದ ಮೇಲಿಂದ ಅರಬೈಲ್ ಇಳಿಯಬೇಕು, ಇಲ್ಲವೇ ಸಿದ್ದಾಪುರದಿಂದ ದೊಡ್ಡಮನೆ ಘಟ್ಟ, ಅದು ಇಕ್ಕಟ್ಟು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಂತು, ಮೂರು ವಾರದಲ್ಲಿ ಕಾಳಿಯ ಹಳೆಯ ಸೇತುವೆ ಹೊಳೆಗೆ ಬಿತ್ತು. ದಾರಿ ಎಂಬುದು ಈ ಜಿಲ್ಲೆಯಲ್ಲಿ ಈಗಲೂ ಖಾತ್ರಿಯ ಮಾತಲ್ಲ.

ನೀರಿನ ಕೆಳಗಿನ ತಾಲ್ಲೂಕು

ಕಾಳಿಗೆ ಪಾಂಢರಿ ಬಂದು ಸೇರುವಲ್ಲಿ ಸುಪಾ ಎಂಬ ಊರಿತ್ತು, ತಾಲ್ಲೂಕಿನ ಕೇಂದ್ರ. 101 ಮೀಟರ್ ಎತ್ತರದ ಅಣೆಕಟ್ಟು ಬಂದು ಊರು ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ಜನರಲ್ಲಿ ಅನೇಕರು ರಾಮನಗರಕ್ಕೆ. ಕಾಳಿಯ ಜಲವಿದ್ಯುತ್ ಯೋಜನೆಗೆಂದೇ ಗಣೇಶಗುಡಿ, ಅಂಬಿಕಾನಗರದ ಕಾಲೊನಿಗಳು ಹುಟ್ಟಿದವು. ಕಟ್ಟುವಾಗ ಬೇಕಾದಷ್ಟು ಕೈ ನಡೆಸುವಾಗ ಬೇಕಿಲ್ಲ. ಹಾಗಾಗಿ ಮುಳುಗಿದ ಊರಿನ ಪಕ್ಕದಲ್ಲೇ ಬರಿದಾಗುವ ಊರುಗಳೂ ಇವೆ. ಬೀಗ ಹಾಕಿದ ಕ್ವಾರ್ಟರ್ಸಿನ ಆರ್‌ಸಿಸಿ ಮಾಡಿಗೂ ನೆತ್ತಿಯ ನೀರೇ ಶತ್ರು: ನಳಿಗೆಯಲ್ಲಿ ಎಲೆ ಕಟ್ಟಿ ನೀರು ನಿಲ್ಲುತ್ತದೆ, ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಸಿಮೆಂಟು ಚಕ್ಕೆಯೇಳುತ್ತದೆ. ಕೆಳಗೆ ನಿಂತು ಫೋಟೊ ತೆಗೆಯುವ ಮೊದಲು ತಲೆಯೆತ್ತಿ ನೋಡಿ. ಕಂದು ಗೆರೆ ಕಂಡರೆ ಹೊರಗೇ ನಿಲ್ಲಿ.

ಸುಪಾ ನೋಡಲು ಜಲಾಶಯಕ್ಕೆ ಹೋಗಿ ಪ್ರಯೋಜನವಿಲ್ಲ, ನೀರು ಕಾಣುತ್ತದೆ ಅಷ್ಟೆ. ಅಮೆರಿಕದ ಸೈನ್ಯದ ನಕ್ಷಾ ವಿಭಾಗ 1950ರ ದಶಕದಲ್ಲಿ ಮುದ್ರಿಸಿದ ಯು502 ಎಂಬ ಸರಣಿಯ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, 1:2,50,000 ಪ್ರಮಾಣ, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಎರಡೂವರೆ ಕಿಲೋಮೀಟರ್. ಈ ಸೀಮೆಯ ಹಾಳೆ ಇಳಿಸಿಕೊಂಡು ಫೋನಿನ ಇಂದಿನ ನಕ್ಷೆಯ ಪಕ್ಕದಲ್ಲಿ ಇಟ್ಟುಕೊಳ್ಳಿ, ಕಾಳಿಯ ತಿರುವುಗಳನ್ನು ಹೊಂದಿಸಿ. ಒಂದರಲ್ಲಿ ಗೋವೆಯ ಗಡಿ ಇನ್ನೂ ದೇಶದ ಗಡಿ. ಸುಪಾ ಊರು, ಅಲ್ಲಿಗೆ ಕೂಡುವ ದಾರಿಗಳು. ಇನ್ನೊಂದರಲ್ಲಿ ಆ ಜಾಗ ಪೂರ್ತಿ ನೀಲಿ. ಈಗ ಆ ಹಳೆಯ ದಾರಿಗಳಲ್ಲಿ ಒಂದನ್ನು ಆರಿಸಿ, ಬೆರಳಿಟ್ಟುಕೊಂಡು ಬನ್ನಿ. ದಾಂಡೇಲಿಯ ಕಡೆಯಿಂದ ಬಂದು, ಕಾಡು ದಾಟಿ, ನೀಲಿಯ ಅಂಚಿಗೆ ಮುಟ್ಟುವಲ್ಲಿ ಬೆರಳು ನಿಲ್ಲುತ್ತದೆ. ದಾರಿ ಮುಂದಕ್ಕೆ ಹೋಗುತ್ತಲೇ ಇದೆ.